ಎಂಟನೇ ರೀಲಿನ ಬಾಲ

ಆಪರೇಟರ್ ಹಾಸಿಗೆ ಹಿಡಿದು ಹನ್ನೊಂದು ತಿಂಗಳಾಗಿತ್ತು. ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ನಾಲಿಗೆ ಮಾತ್ರ, ಸ್ವಲ್ಪ ತೊದಲುವುದನ್ನು ಬಿಟ್ಟರೆ, ಗಟ್ಟಿಮುಟ್ಟಾಗಿತ್ತು. ಅದೇ ಮನೆಯವರ ಕರ್ಮ. ಹಾಲು ಬಿಸಿಯಿದ್ದರೆ ನನ್ನ ಬಾಯಿ ಸುಡೋಕೆ ಹೊರಟಿದ್ದೀಯಾ ಎನ್ನುತ್ತಿದ್ದ, ಆರಿದ್ದರೆ ಬೆಕ್ಕಿಗೆ ಇಟ್ಟಿದ್ದನ್ನ ತಂದ್ಯಾ ಎನ್ನುತ್ತಿದ್ದ. ಮನೆಯವರು ಎಂದರೆ ಮಗಳೊಬ್ಬಳೇ. ಹಾಗಾಗಿ ಆ ಕರ್ಮವನ್ನು ಹಂಚಿಕೊಳ್ಳಲು ಅವಳಿಗೆ ಯಾರೂ ಇರಲಿಲ್ಲ.

ಇಪ್ಪತ್ತಾರು ವರ್ಷ ಅವನು ಒಂದೇ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸಿದವನು. ಟಾಕೀಸು ಮುಚ್ಚಿ ಎಷ್ಟೋ ಕಾಲವಾಗಿ, ಅದು ಈಗ ಸೋಫಾ, ಮಂಚ ತುಂಬಿಡುವ ಗೋದಾಮಾಗಿದ್ದರೂ ಬೀದಿಯವರ ಬಾಯಲ್ಲಿ ಅವನು ಇನ್ನೂ ಆಪರೇಟರ್ರೇ. ಟಾಕೀಸಿನ ಬೆನ್ನಿಗೆ ಅಂಟಿಕೊಂಡಂತಿದ್ದ ಎರಡು ಕೋಣೆಯ ಮನೆ ಅವನದು. ಮುಂಬಾಗಿಲು ಬೀದಿಗೆ, ಹಿಂಬಾಗಿಲು ನೇರ ಪ್ರೊಜೆಕ್ಟರ್ ಕೋಣೆಯ ಮೆಟ್ಟಿಲಿಗೆ. ಮಾಲೀಕರು ಎಷ್ಟು ಸಲ ಬೇರೆ ಮನೆ ತೋರಿಸಿದರೂ ಅವನು ಜಪ್ಪಯ್ಯ ಅಂದರೂ ಕದಲಿರಲಿಲ್ಲ.

ಮಗಳಿಗೆ ನಲವತ್ತೊಂದು. ಕಣ್ಣಾಸ್ಪತ್ರೆಯಲ್ಲಿ ಕೆಲಸ. ಡಾಕ್ಟರು ನೋಡುವ ಮೊದಲು ರೋಗಿಗಳ ಕಣ್ಣಿಗೆ ಔಷಧಿ ಬಿಟ್ಟು, "ಕಣ್ಣು ಮುಚ್ಚಿ, ನಾನು ಹೇಳೋವರೆಗೂ ತೆಗೀಬೇಡಿ" ಎಂದು ಬೆಂಚಿನ ಮೇಲೆ ಸಾಲಾಗಿ ಕೂರಿಸುವುದು. ಎಲ್ಲರೂ ಅವಳನ್ನು ಡ್ರಾಪ್ಸ್ ಮೇಡಂ ಎನ್ನುತ್ತಿದ್ದರು. ಹೇಳುವ ಮೊದಲೇ ಕಣ್ಣು ಬಿಟ್ಟವರು ಅವಳ ಕೈಗೆ ಸಿಕ್ಕರೆ ಕಥೆ ಮುಗಿಯಿತು. ರೆಪ್ಪೆ ಹಿಡಿದು ಎಳೆದು, ಉರಿಯುವ ಔಷಧಿಯನ್ನು ಇನ್ನೊಂದು ಸುತ್ತು ಬಿಡುತ್ತಿದ್ದಳು. ಅಳುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ತಾನು ಒಂಬತ್ತು ವರ್ಷಕ್ಕೇ ಅಳು ನಿಲ್ಲಿಸಿದವಳು ಎಂಬ ಹಮ್ಮು ಅವಳಿಗಿತ್ತು.

ಆ ಭಾನುವಾರ ಬೆಳಿಗ್ಗೆ ತಮ್ಮ ಬಂದ. ಲಿಫ್ಟ್ ರಿಪೇರಿ ಮಾಡುವವನು, ಬೇರೆ ಮನೆ ಮಾಡಿಕೊಂಡಿದ್ದವನು, ತಿಂಗಳಿಗೊಮ್ಮೆ ಮುಖ ತೋರಿಸಿ ಹೋಗುವವನು. ಚಪ್ಪಲಿ ಬಿಡುವ ಮೊದಲೇ ಕೂಗಿದ.

"ಅಕ್ಕಾ, ಸಿಕ್ಬಿಡ್ತು! ನಿನ್ನ ಐದು ಮಕ್ಕಳ ಸಿನಿಮಾ! ಎಲ್ಲೋ ಮೂಲೆಯಲ್ಲಿ ಬಿದ್ದಿದ್ದ ಪ್ರಿಂಟನ್ನ ತೊಳೆದು ಬಳಿದು ನೆಟ್‌ನಲ್ಲಿ ಹಾಕಿದ್ದಾರೆ. ಜನ ಎಲ್ಲಾ ನಮ್ಮ ಬಾಲ್ಯ, ನಮ್ಮ ಬಾಲ್ಯ ಅಂತ ಗೋಳಾಡ್ತಿದ್ದಾರೆ."

ಮಗಳ ಕೈಯಲ್ಲಿದ್ದ ಹಾಲಿನ ಬಟ್ಟಲು ಅಲ್ಲೇ ನಿಂತಿತು. ಅವಳ ಮುಖ ಅರಳಿದ್ದನ್ನು ತಮ್ಮ ನೋಡಿ ಎಷ್ಟೋ ವರ್ಷವಾಗಿತ್ತು. ಹಾಸಿಗೆಯ ಮೇಲಿದ್ದ ಆಪರೇಟರ್ ಮಾತ್ರ, "ಈಗ ಅದೆಲ್ಲಾ ಯಾಕೆ? ಹಳೇ ಸಿನಿಮಾ, ಬೋರು" ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಟಿವಿಯನ್ನು ಅವನಿಗೇ ಕಾಣುವಂತೆ ತಿರುಗಿಸಿ, ಅವನ ತಲೆಗೆ ಎರಡು ದಿಂಬು ಕೊಟ್ಟು, ಅಕ್ಕ ತಮ್ಮ ನೆಲದ ಮೇಲೆ ಕೂತರು.

ಆ ಸಿನಿಮಾ ಅವರ ಟಾಕೀಸಿನಲ್ಲಿ ಹದಿನಾಲ್ಕು ವಾರ ಓಡಿತ್ತು. ಒಂಬತ್ತು ವರ್ಷದ ಹುಡುಗಿ ಪ್ರೊಜೆಕ್ಟರ್ ಕೋಣೆಯಲ್ಲಿ ಸ್ಟೂಲು ಹತ್ತಿ, ಗೋಡೆಯ ಪುಟ್ಟ ಕಿಂಡಿಯಿಂದ ಅದನ್ನು ಅರವತ್ತು ಸಲವಾದರೂ ನೋಡಿದ್ದಳು. ಗಂಡ ಹೆಂಡತಿ ಜಗಳವಾಡುತ್ತಾರೆ, ಹೆಂಡತಿ ಮುನಿಸಿಕೊಂಡು ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಾಳೆ, ಐದು ಮಕ್ಕಳನ್ನು ಇಟ್ಟುಕೊಂಡು ಗಂಡ ಪಡಬಾರದ ಪಾಡು ಪಡುತ್ತಾನೆ. ಇಷ್ಟೇ ಕಥೆ. ಸೋದರಮಾವ ನೀರಿನ ತೊಟ್ಟಿಗೆ ಬೀಳುವುದು, ಮನೆ ಮಾಲೀಕನ ಸುಳ್ಳು ಕೂದಲನ್ನು ನಾಯಿ ಕಚ್ಚಿಕೊಂಡು ಓಡುವುದು, ಐದೂ ಮಕ್ಕಳು ಎತ್ತರದ ಪ್ರಕಾರ ಸಾಲಾಗಿ ನಿಂತು ಅಪ್ಪನ ಕೈಲಿ ಮೂಗು ಒರೆಸಿಕೊಳ್ಳುವುದು. ನಾಯಿ ಬರುವ ಮೊದಲೇ ಅಕ್ಕ, "ಈಗ ನೋಡು, ಈಗ ನೋಡು" ಎಂದು ತಮ್ಮನ ತೊಡೆಗೆ ಗುದ್ದುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೂದಲಿಗೆ ಬಣ್ಣ ಹಚ್ಚುವುದನ್ನೂ ಬಿಟ್ಟಿದ್ದ ಹೆಂಗಸು ಸ್ಟೂಲಿನ ಮೇಲಿನ ಹುಡುಗಿಯಾಗಿಬಿಟ್ಟಿದ್ದಳು.

"ಕೊನೇ ಗುಂಪು ಫೋಟೋದಲ್ಲಿ ಹಳದಿ ಬಟ್ಟೆ ಹೆಂಗಸೊಬ್ಬಳು ಇರ್ತಾಳಲ್ಲ, ಅದು ಯಾರು ಅಂತ ನಿಂಗೆ ಹೇಳಿದ್ದೆ?" ಎಂದಳು.

"ಪಕ್ಕದ ಮನೆಯವಳು ಅಂದಿದ್ದೆ."

"ಹೂಂ, ಸರಿಯಾಗಿ ಮುಖ ಕಾಣಲ್ಲ."

ಎಲ್ಲರೂ ಕಾಯುತ್ತಿದ್ದ ದೃಶ್ಯ ಬಂತು. ಸಿನಿಮಾದ ತಾಯಿ ಪೆಟ್ಟಿಗೆ ಹಿಡಿದು ವಾಪಸು ಬಂದು ಬಾಗಿಲು ತಟ್ಟುತ್ತಾಳೆ. ಕೊನೆಯ ಹುಡುಗಿ ಬಾಗಿಲು ತೆಗೆದು, ಸೊಂಟದ ಮೇಲೆ ಕೈಯಿಟ್ಟು, ಮೇಲಿಂದ ಕೆಳಗೆ ನೋಡಿ, "ಕೆಲಸದವಳು ಬೇಕಾಗಿಲ್ಲ. ಮುಂದಿನ ಮನೆ ನೋಡಮ್ಮ" ಎಂದು ರಪ್ಪನೆ ಬಾಗಿಲು ಹಾಕುತ್ತಾಳೆ. ಆ ಕಾಲದಲ್ಲಿ ಈ ಮಾತಿಗೆ ಟಾಕೀಸಿನ ಹೆಂಚು ಹಾರಿಹೋಗುವಷ್ಟು ನಗು ಬೀಳುತ್ತಿತ್ತು. ಅಕ್ಕ ಆ ಮಾತನ್ನು ಟಿವಿಗಿಂತ ಅರ್ಧ ಕ್ಷಣ ಮೊದಲೇ ಹೇಳಿದಳು.

ಅವಳಿಗೆ ಅದು ಬರೀ ಸಿನಿಮಾದ ಮಾತಾಗಿರಲಿಲ್ಲ. ಅವಳ ಅಮ್ಮನೂ ಮನೆ ಬಿಟ್ಟವಳೇ. ಪಟ್ಟಣದ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಸಿಕ್ಕಿತ್ತು. ಆಪರೇಟರ್ ಬೇಡವೆಂದ. ಒಂದು ಕೋಣೆ ಹಿಡಿದು ಮಕ್ಕಳನ್ನು ಕರೆಸಿಕೊಳ್ಳುತ್ತೇನೆ ಎಂದು ಅವಳು ಹೊರಟೇಹೋದಳು. ಆಪರೇಟರ್ ಇದನ್ನು ಒಂದೇ ಪದಕ್ಕೆ ಇಳಿಸಿದ, ಓಡಿಹೋದಳು. ಬೀದಿಗೂ ಆ ಪದವೇ ಹಿಡಿಸಿತು. ಆಮೇಲೆ ಎರಡನೇ ತಿಂಗಳಿಗೆ ಈ ಸಿನಿಮಾ ಬಂತು. ಅದು ಓಡುತ್ತಿದ್ದಾಗಲೇ ಒಂದು ಮಧ್ಯಾಹ್ನ, ಮ್ಯಾಟ್ನಿಗೆ ಸ್ವಲ್ಪ ಮೊದಲು, ಮುಂಬಾಗಿಲು ಬಡಿದ ಸದ್ದಾಯಿತು. ಹುಡುಗಿ ತೆಗೆದಳು. ಅಮ್ಮ ಚೀಲ ಹಿಡಿದು ನಿಂತಿದ್ದಳು. ಹುಡುಗಿಯ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಮೇಲಿಂದ ಕೆಳಗೆ ನೋಡಿದಳು. ಒಂದಕ್ಷರ ತಪ್ಪದೆ ಹೇಳಿ, ರಪ್ಪನೆ ಬಾಗಿಲು ಹಾಕಿದಳು.

ಆಚೆ ಅಮ್ಮ ನಕ್ಕಿದ್ದು ಕೇಳಿಸಿತು. ಗಟ್ಟಿಯಾಗಿ, ಬಾಯಿ ತುಂಬ ನಕ್ಕಿದ್ದಳು.

"ಕೇಳಿಸ್ತಾ? ನಗ್ತಿದ್ದಾಳೆ. ಮಗಳು ಹೊರಗೆ ಹಾಕಿದ್ರೂ ನಗ್ತಾಳೆ. ಮಾನಗೆಟ್ಟವಳು," ಎಂದು ಆಪರೇಟರ್ ಚಿಲಕ ಹಾಕಿ, ಮಗಳ ಬೆನ್ನು ತಟ್ಟಿ, ಚಿಕ್ಕವನನ್ನು ಎತ್ತಿಕೊಂಡು, ಹಿಂಬಾಗಿಲಿಂದ ಮ್ಯಾಟ್ನಿಗೆ ಕರೆದುಕೊಂಡು ಹೋಗಿದ್ದ. ಆ ನಗು ಮೂವತ್ತೆರಡು ವರ್ಷ ಅವಳ ಕೈಯಲ್ಲಿದ್ದ ಸಾಕ್ಷಿ. ಯಾರಾದರೂ ಅಮ್ಮನ ಪರ ಮಾತೆತ್ತಿದರೆ, "ನಕ್ಕಳು ಗೊತ್ತಾ ಅವಳು? ಅಳಲಿಲ್ಲ, ನಕ್ಕಳು" ಎಂದು ಬಾಯಿ ಮುಚ್ಚಿಸುತ್ತಿದ್ದಳು. ದೊಡ್ಡವನಾದ ಮೇಲೆ ತಮ್ಮ ಅಮ್ಮನನ್ನು ಹುಡುಕಿಕೊಂಡು ಹೋಗಿ ಬರಲು ಶುರು ಮಾಡಿದಾಗಲೂ, ಆ ವಿಷಯ ಈ ಹೊಸ್ತಿಲಾಚೆ ಬಿಟ್ಟು ಬಾ ಎಂದಿದ್ದಳು.

ಈಗ ಟಿವಿಯಲ್ಲಿ ಬಾಗಿಲು ಮುಚ್ಚಿತ್ತು. ಅಕ್ಕ, "ಇನ್ನು ಮಾವನ ಮದುವೆ ಸೀನು" ಎಂದು ಕಾಲು ಚಾಚಿದಳು.

ಮಾವನ ಮದುವೆ ಬರಲಿಲ್ಲ. ಮುಚ್ಚಿದ ಬಾಗಿಲೇ ತೆರೆಯ ಮೇಲೆ ಇತ್ತು. ತಾಯಿ ಪೆಟ್ಟಿಗೆಯ ಮೇಲೆ ಕೂತಳು. ಬಾಗಿಲು ಒಂದು ಚೂರು ತೆರೆದುಕೊಂಡಿತು. ಸಂದಿಯಲ್ಲಿ ಹುಡುಗಿಯ ಮೂಗು ಕಾಣಿಸಿತು. "ಸಂಬಳ ಕೊಡಲ್ಲ. ಊಟ ಮಾತ್ರ. ಇರ್ತೀಯಾ?" ಎಂದಿತು ಮೂಗು. "ಆ ಊಟಾನೂ ನಾನೇ ಮಾಡ್ಬೇಕಾ?" ಎಂದಳು ತಾಯಿ. ಹುಡುಗಿ ಹೋ ಎಂದು ಅಳುತ್ತ ಹೊರಗೆ ಓಡಿ ಬಂದು ಅವಳ ಕುತ್ತಿಗೆಗೆ ಜೋತುಬಿದ್ದಳು. ಹಿಂದೆಯೇ ನಾಲ್ಕು ಮಕ್ಕಳು, ಗಂಡ, ನಾಯಿ. ತಾಯಿ ಒಳಗೆ ಹೋಗಿ ಬಟ್ಟೆ ಬದಲಿಸಿಕೊಂಡು ಬಂದಳು. ಹಳದಿ ಬಟ್ಟೆ.

ತಮ್ಮ ಕಣ್ಣೊರೆಸಿಕೊಂಡು ನಗುತ್ತಿದ್ದ. "ಇದನ್ನ ನೀನು ಹೇಳೇ ಇರ್ಲಿಲ್ವಲ್ಲ ಅಕ್ಕಾ. ಪಕ್ಕದ ಮನೆಯವಳಂತೆ!"

ಅಕ್ಕ ಸಿನಿಮಾ ನಿಲ್ಲಿಸಿದಳು. ಹಿಂದಕ್ಕೆ ಓಡಿಸಿ ಇನ್ನೊಂದು ಸಲ ಹಾಕಿದಳು. ಬಾಗಿಲು ಮತ್ತೆ ತೆರೆದುಕೊಂಡಿತು. ಆಪರೇಟರನ ಮಗಳಲ್ಲವೇ, ರೀಲು ಎಲ್ಲಿ ಮುಗಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ರೀಲು ಮುಗಿಯುವ ಹೊತ್ತಿಗೆ ತೆರೆಯ ಮೂಲೆಯಲ್ಲಿ ಒಂದು ಚುಕ್ಕಿ ಮಿನುಗುತ್ತದೆ, ಅದನ್ನು ನೋಡಿ ಆಪರೇಟರ್ ಇನ್ನೊಂದು ಯಂತ್ರ ಓಡಿಸಬೇಕು. ಈ ಸಿನಿಮಾದಲ್ಲಿ ಎಲ್ಲ ಚುಕ್ಕಿಗಳೂ ದುಂಡಗಿದ್ದವು. ಎಂಟನೇ ರೀಲಿನದ್ದು ಮಾತ್ರ ಮೊಳೆಯಿಂದ ಗೀಚಿದಂತೆ ಸೊಟ್ಟಗಿರುತ್ತಿತ್ತು. ಅದು ಬರುತ್ತಿದ್ದುದು ಬಾಗಿಲು ಮುಚ್ಚುವಾಗ. ರೀಲಿನ ಬಾಲ, ಅಂದರೆ ಕೊನೆಯ ತುಂಡು, ಕತ್ತರಿಸಿದರೆ ಅಸಲಿ ಚುಕ್ಕಿಯೂ ಅದರ ಜೊತೆ ಹೋಗುತ್ತದೆ, ಹೊಸದನ್ನು ಕೈಯಲ್ಲೇ ಗೀಚಬೇಕು.

"ಅಪ್ಪಾ," ಎಂದಳು, "ಎಂಟನೇ ರೀಲಿನ ಬಾಲ ನೀನು ಕತ್ತರಿಸಿದ್ದಾ?"

ಆಪರೇಟರ್ ಗೋಡೆ ನೋಡಿದ. ಸಿನಿಮಾ ಕತ್ತರಿಸುವುದು ಅವನಿಗೆ ಉಗುರು ಕತ್ತರಿಸಿದಷ್ಟೇ ಸಲೀಸು. ಕೊನೇ ಬಸ್ಸು ತಪ್ಪುತ್ತದೆಂದು ಜನ ಗಲಾಟೆ ಮಾಡಿದರೆ ಒಂದು ಹಾಡು ಹಾರಿಸುತ್ತಿದ್ದ, ತನಗೆ ಹಸಿವಾದರೆ ಎರಡು.

"ಪ್ರಿಂಟು ಹರಿದಿತ್ತು," ಎಂದ.

"ಅಪ್ಪಾ."

"ಕತ್ತರಿಸಿದೆ. ಏನೀಗ? ಜನಕ್ಕೆ ತೋರಿಸೋ ಮೊದಲು ಎಲ್ಲಾ ರೀಲೂ ಒಂದ್ಸಲ ಹಾಕ್ಕೊಂಡು ನೋಡ್ತೀವಲ್ಲ, ಆಗ್ಲೇ ಗೊತ್ತಾಯ್ತು. ನೀನು ಇದನ್ನ ನೋಡಿದ್ರೆ ದಿನಾ ಬಾಗಿಲ ಹತ್ರಾನೇ ಕೂತಿರ್ತಿದ್ದೆ. ಊಟ ಬಿಡ್ತಿದ್ದೆ. ಒಂದು ನಿಮಿಷದ ತುಂಡು ಅದು, ಒಲೆಗೆ ಹಾಕಿದೆ. ನಿನ್ನ ಒಳ್ಳೇದಕ್ಕೇ ಮಾಡಿದ್ದು. ಅದಕ್ಕೇ ನೀನು ಗಟ್ಟಿಯಾದೆ."

ಅವಳ ತಲೆಯಲ್ಲಿ ಒಂದೇ ವಿಷಯ ಸುತ್ತುತ್ತಿತ್ತು. ಅಮ್ಮ ಪಟ್ಟಣದಲ್ಲಿದ್ದವಳು. ಅಲ್ಲಿಯೂ ಈ ಸಿನಿಮಾ ಬಂದಿರುತ್ತದೆ. ಅಲ್ಲಿ ಯಾರೂ ಬಾಲ ಕತ್ತರಿಸಿರುವುದಿಲ್ಲ. ಆವತ್ತು ಅಮ್ಮ ನಕ್ಕಿದ್ದು ಯಾಕೆ?

ಮರುದಿನ ಅವಳು ಕಣ್ಣಾಸ್ಪತ್ರೆಗೆ ರಜೆ ಹಾಕಿದಳು. ತಮ್ಮನ ಹತ್ತಿರ ಅಮ್ಮನ ವಿಳಾಸ ಬರೆಸಿಕೊಂಡು, ಅವನನ್ನೇ ಅಪ್ಪನ ಪಕ್ಕ ಕೂರಿಸಿ, ಪಟ್ಟಣದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಅವಳಿಗೆ ಬೇಕಾಗಿದ್ದು ದೊಡ್ಡದೇನಲ್ಲ. ಅಮ್ಮ ಒಂದು ಸಲ, ನೀನು ಮಗು, ನಿಂಗೇನು ಗೊತ್ತಿತ್ತು ಅನ್ನಬೇಕು. ಅಷ್ಟು ಅಂದರೆ ಸಾಕು. ಅಷ್ಟಕ್ಕೋಸ್ಕರ ಅವಳು ಕಾಲಿಗೆ ಬೀಳಲೂ ತಯಾರಾಗಿದ್ದಳು, ಇದುವರೆಗೂ ಯಾರ ಮುಂದೆಯೂ ತಲೆ ತಗ್ಗಿಸದವಳು.

ಅಮ್ಮನ ಹೊಲಿಗೆ ಅಂಗಡಿ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿತ್ತು. ಒಂದು ಹೊಲಿಗೆ ಯಂತ್ರ, ಗೋಡೆ ತುಂಬ ಬೇರೆಯವರ ಪ್ಯಾಂಟುಗಳು. ಕೊರಳಿಗೆ ಟೇಪು, ತುಟಿ ಮಧ್ಯೆ ಎರಡು ಗುಂಡುಪಿನ್ನು, ಪೂರ್ತಿ ಬೆಳ್ಳಗಾದ ಕೂದಲು. ಅಮ್ಮ ಕನ್ನಡಕದ ಮೇಲಿಂದ ನೋಡಿ, ಪಿನ್ನು ತೆಗೆಯದೆಯೇ ಕೇಳಿದಳು.

"ಉದ್ದ ಕಮ್ಮಿ ಮಾಡ್ಬೇಕಾ, ಜಿಪ್ಪಾ?"

"ನಾನು, ಅಮ್ಮಾ."

ಅಮ್ಮ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ನಿಮ್ಮಪ್ಪ ಹೋದ್ರಾ?"

"ಇಲ್ಲ. ಇದ್ದಾರೆ. ಹಾಸಿಗೆ ಹಿಡಿದಿದ್ದಾರೆ."

"ಮತ್ತೆ ಏನು ಬಂದೆ?"

ಮಗಳು ಬಸ್ಸಿನಲ್ಲಿ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು. ನಿಂತುಕೊಂಡೇ, ಒಂದೇ ಉಸಿರಿಗೆ ಕೇಳಿದಳು. "ಆವತ್ತು ನಾನು ಬಾಗಿಲು ಹಾಕಿದಾಗ ನೀನು ಯಾಕಮ್ಮ ನಕ್ಕೆ?"

ಅಮ್ಮ ಮಡಿಲಲ್ಲಿದ್ದ ಪ್ಯಾಂಟಿನ ಹೊಲಿಗೆ ಬಿಚ್ಚುವುದನ್ನು ಮುಂದುವರಿಸಿದಳು.

"ಖುಷಿಗೆ ನಕ್ಕೆ. ಹಿಂದಿನ ವಾರಾನೇ ಆ ಸಿನಿಮಾ ನೋಡಿದ್ದೆ. ಆ ಮಗುವನ್ನ ನೋಡಿ ನಿನ್ನ ನೆನಪಾಗಿ, ತಡೀಲಾರ್ದೇ ಬಸ್ಸು ಹತ್ತಿದ್ದು. ನೀನು ಹಂಗೇ ಸೊಂಟದ ಮೇಲೆ ಕೈಯಿಟ್ಟು ಅದೇ ಮಾತು ಅಂದ್ಯಲ್ಲ, ಅಬ್ಬಾ, ನನ್ನ ಮಗಳು ನನ್ನ ಹತ್ರ ಆಟ ಆಡ್ತಿದ್ದಾಳೆ ಅಂದ್ಕೊಂಡೆ. ಈಗ ಬಾಗಿಲು ತೆಗೀತಾಳೆ, ಊಟ ಮಾತ್ರ ಅಂತಾಳೆ ಅಂತ, ನನ್ನ ಮಾತನ್ನ ಬಾಯಲ್ಲೇ ಇಟ್ಕೊಂಡು ನಿಂತಿದ್ದೆ."

"ಎಷ್ಟು ಹೊತ್ತು?"

"ಮ್ಯಾಟ್ನಿ ಬಿಡೋವರೆಗೂ. ನಿಮ್ಮ ಟಾಕೀಸಿನ ನಗು ಗೋಡೆಯಾಚೆಯಿಂದ ಕೇಳ್ತಿತ್ತು. ತಟ್ಟಿದೆ. ಕರೆದೆ. ಪಕ್ಕದ ಮನೆಯವರೆಲ್ಲಾ ಆಚೆ ಬಂದು ನೋಡಿದ್ರು. ವಾಪಸು ಬಂದು, ನಾನೇ ತಪ್ಪು ನೆನಪಿಟ್ಕೊಂಡಿದ್ದೀನೇನೋ ಅಂತ ಮಾರನೇ ದಿನ ಮತ್ತೆ ಟಿಕೆಟ್ ತಗೊಂಡು ಹೋಗಿ ನೋಡಿದೆ. ಇಲ್ಲ, ಅಲ್ಲಿ ಬಾಗಿಲು ತೆಗೀತು. ಆಗ ಗೊತ್ತಾಯ್ತು. ಮಗುಗೆ ಮುಂದಿನದು ಗೊತ್ತಿದೆ, ಗೊತ್ತಿದ್ದೂ ತೆಗೀಲಿಲ್ಲ."

"ನಂಗೆ ಗೊತ್ತಿರ್ಲಿಲ್ಲ!" ಮಗಳು ಕೂಗಿಯೇಬಿಟ್ಟಳು. ಮೆಟ್ಟಿಲು ಇಳಿಯುತ್ತಿದ್ದವರು ಬಗ್ಗಿ ನೋಡಿದರು. "ಅಪ್ಪ ಆ ತುಂಡನ್ನ ಕತ್ತರಿಸಿಬಿಟ್ಟಿದ್ರು. ನಮ್ಮೂರಲ್ಲಿ ಬಾಗಿಲು ತೆಗೀತಾನೇ ಇರ್ಲಿಲ್ಲ. ನಾನು ನೋಡಿದ್ದು ನಿನ್ನೆ. ನಿನ್ನೆ ಅಮ್ಮಾ!" ಒಂಬತ್ತು ವರ್ಷಕ್ಕೆ ನಿಲ್ಲಿಸಿದ್ದ ಅಳು ಒಂದೇ ಸಲಕ್ಕೆ ಬಂತು. ಮೂಗು, ಕಣ್ಣು, ಬಾಯಿ ಎಲ್ಲದರಿಂದಲೂ ಬಂತು.

ಅಮ್ಮನ ಕೈ ಆಗ ನಿಂತಿತು. ಮಗಳು ಕಾದಳು. ಈಗ ಅನ್ನುತ್ತಾಳೆ, ಈಗ ಅನ್ನುತ್ತಾಳೆ ಎಂದು ಕಾದಳು.

"ನಿನ್ನ ತಪ್ಪಲ್ಲ ಅನ್ನಿಸ್ಕೊಳ್ಳೋಕೆ ಬಂದಿದ್ದೀಯಾ?" ಎಂದಳು ಅಮ್ಮ. ದನಿ ಏರಲಿಲ್ಲ. "ತಾಯಿಗೆ ಬಾಗಿಲು ತೆಗಿಯೋದನ್ನ ಮಗು ಸಿನಿಮಾ ನೋಡಿ ಕಲೀಬೇಕಾ? ಹಾಕೋದಕ್ಕೆ ಸಿನಿಮಾ ಬೇಕಿತ್ತು, ಸರಿ. ತೆಗಿಯೋದಕ್ಕೂ ಬೇಕಿತ್ತಾ? ಚಿಲಕ ನಿನ್ನ ಕೈಗೆ ಎಟಕ್ತಿತ್ತು."

"ಅಮ್ಮಾ, ನಂಗೆ ಒಂಬತ್ತು ವರ್ಷ."

"ಹೌದು. ನಂಗೆ ಇಪ್ಪತ್ತೆಂಟು. ಆಮೇಲೆ ಈ ಮೂವತ್ತೆರಡು ವರ್ಷ ನಾನು ಬದುಕಿದ್ದು ನಿನ್ನ ಮೇಲಿನ ಸಿಟ್ಟಲ್ಲಿ. ಬೆಳಿಗ್ಗೆ ಎದ್ದು ಈ ಯಂತ್ರ ತುಳಿಯೋಕೆ ಅದೇ ಬಲ ಕೊಟ್ಟಿದ್ದು. ಈಗ ಬಂದು ಅದನ್ನೂ ಕಿತ್ಕೋತೀಯಾ? ಕಿತ್ಕೊಂಡು ನಂಗೆ ಏನು ಕೊಡ್ತೀಯಾ? ನಿನ್ನ ಜಡೆ ಹಾಕೋ ವಯಸ್ಸು ಕೊಡ್ತೀಯಾ?"

ಅಮ್ಮ ಮತ್ತೆ ಬ್ಲೇಡು ಹಿಡಿದು ದಾರ ಕೀಳತೊಡಗಿದಳು.

"ಕೂತ್ಕೋ ಅನ್ನಲ್ಲ. ಸಂಜೆಗೆ ಏಳು ಪ್ಯಾಂಟು ಕೊಡ್ಬೇಕು. ನಿಮ್ಮಪ್ಪಂಗೆ ಯಾರು ಊಟ ಮಾಡಿಸೋದು?"

"ನಾನೇ."

"ಹೋಗು ಮತ್ತೆ." ಮಗಳು ಎರಡು ಹೆಜ್ಜೆ ಹೋದ ಮೇಲೆ ಅಮ್ಮ ಬೆನ್ನ ಹಿಂದಿನಿಂದ ಅಂದಳು. "ನಿಮ್ಮಪ್ಪಂಗೆ ಹೇಳು. ಆವತ್ತು ಅವರು ಬಾಗಿಲು ತೆಗೀದೇ ಇದ್ರೂ ಪರವಾಗಿರ್ಲಿಲ್ಲ, ಒಳಗಿಂದ ಒಂದು ಸಲ ನನ್ನ ಹೆಸರು ಹಿಡಿದು ಕೂಗಿದ್ರೆ ಸಾಕಿತ್ತು, ನಾನು ಈ ಊರಿಗೆ ವಾಪಸು ಬರ್ತಾನೇ ಇರ್ಲಿಲ್ಲ. ಆಮೇಲೂ ಬಹಳ ದಿನ, ಕರೆದ್ರೆ ಹೋಗ್ಬಿಡ್ಬೇಕು ಅನ್ನಿಸ್ತಿತ್ತು. ಅಷ್ಟು ಹೇಳು."

ಬಸ್ಸಿನಲ್ಲಿ ಅವಳು ಅಳಲಿಲ್ಲ. ಅಳಲು ಏನೂ ಉಳಿದಿರಲಿಲ್ಲ. ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಮೂವತ್ತೆರಡು ವರ್ಷ ಅಷ್ಟು ಸುಲಭವಾಗಿ ಬರುತ್ತಿದ್ದ ಸಿಟ್ಟು. ಬಸ್ಸು ನಿಂತಾಗ ಇಳಿದಳು. ಹೋಗಲು ಬೇರೆ ಜಾಗ ಇರಲಿಲ್ಲ, ಮನೆಗೇ ಹೋದಳು.

ತಮ್ಮ ಅವಳ ಮುಖ ನೋಡಿ ಏನನ್ನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡ. ಆಪರೇಟರ್ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ. ಅವಳು ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ಅವನ ಕೊರಳಿಗೆ ಟವಲು ಕಟ್ಟಿ, ಚಮಚ ಎತ್ತಿದಳು. ಹಾಲು ಬಿಸಿ ಎಂದೂ ಅನ್ನಲಿಲ್ಲ, ಆರಿತು ಎಂದೂ ಅನ್ನಲಿಲ್ಲ ಅವನು. ಬಾಯಲ್ಲಿದ್ದುದನ್ನು ನುಂಗಿ ಮೆಲ್ಲಗೆ ಕೇಳಿದ.

"ನನ್ನ ವಿಷಯ ಏನಾದ್ರೂ ಕೇಳಿದ್ಲಾ?"

ಅವಳು ಅವನ ಮುಖ ನೋಡಿದಳು. ದಿನಕ್ಕೆ ಎಂಬತ್ತು ಕಣ್ಣು ನೋಡುವವಳು, ಈ ಎರಡನ್ನು ಸರಿಯಾಗಿ ನೋಡಿರಲಿಲ್ಲ. ಈ ಮನುಷ್ಯ ಕಾದಿದ್ದ. ಮನೆ ಬದಲಿಸದೆ, ಇನ್ನೊಂದು ಮದುವೆಯಾಗದೆ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅದೇ ಬಾಗಿಲ ಒಳಗೆ ಕಾದಿದ್ದ. ಆ ತುಂಡನ್ನು ಒಲೆಗೆ ಹಾಕಿದ್ದು ಮಗಳ ಒಳ್ಳೆಯದಕ್ಕೂ ಅಲ್ಲ, ಏನೂ ಅಲ್ಲ. ದಿನಕ್ಕೆ ಮೂರು ಆಟ ಅದನ್ನು ನೋಡಿದರೆ ತಾನೇ ಹೋಗಿ ಅವಳನ್ನು ಕರೆದುಬಿಡುತ್ತೇನೆ ಎಂಬ ಹೆದರಿಕೆಗೆ.

ಅಮ್ಮ ಹೇಳಿ ಕಳಿಸಿದ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಅವನು ಅಳುತ್ತಾನೆ. ಆದರೆ ಆ ಅಳುವಿನ ಒಳಗೆ, ಅವಳಿಗೆ ನಾನು ಬೇಕಾಗಿದ್ದೆ ಎಂಬ ಸುಖವೂ ಇರುತ್ತದೆ. ಸಾಯುವವರೆಗೂ ಅದನ್ನು ಚಪ್ಪರಿಸಿಕೊಂಡು ಮಲಗಿರುತ್ತಾನೆ.

"ಇಲ್ಲ," ಎಂದಳು.

"ಏನೂ ಇಲ್ವಾ? ಹೇಗಿದ್ದಾರೆ ಅಂತಾನೂ?"

"ನಾನೇ ನಿನ್ನ ವಿಷಯ ತೆಗೆದೆ. ಯಾರು ಅಂದ್ಲು."

ಅವನ ಬಾಯಿ ತೆರೆದೇ ಇತ್ತು. ಅವಳು ಅದಕ್ಕೆ ಇನ್ನೊಂದು ಚಮಚ ಇಟ್ಟಳು. ಅವನು ನುಂಗಲಿಲ್ಲ. ಹಾಲು ಗದ್ದದ ಮೇಲೆ ಇಳಿದು ಟವಲಿಗೆ ಹೋಯಿತು. ಅವಳು ಅದನ್ನು ಒರೆಸಿದಳು. ಅವಳಿಗೆ ಸಮಾಧಾನವಾಯಿತು. ಬೆಳಿಗ್ಗೆಯಿಂದ ಎಲ್ಲೂ ಸಿಗದ ಸಮಾಧಾನ. ಅವನು ಮತ್ತೆ ಕೇಳಲಿ ಎಂದು ಅವಳು ಚಮಚ ಹಿಡಿದು ಕಾದು ಕೂತಳು.